ಶೇಕಡಾ ಸರಿ, ಆದರೆ ಯಾವುದರ ಶೇಕಡಾ? ರೈಲ್ವೆ ಪರೀಕ್ಷೆಯ ಮಾತಿನ ಲೆಕ್ಕಗಳನ್ನು ಬಿಡಿಸುವ ಬಗೆ

ರೈಲ್ವೆ ನೇಮಕಾತಿ ಮಂಡಳಿಯ ಎನ್‌ಟಿಪಿಸಿ (ತಾಂತ್ರಿಕೇತರ ಹುದ್ದೆಗಳ) ಮೊದಲ ಹಂತದ ಪರೀಕ್ಷೆಯಲ್ಲಿ 90 ನಿಮಿಷಕ್ಕೆ 100 ಪ್ರಶ್ನೆ. ಅಂದರೆ ಒಂದಕ್ಕೆ ಸರಾಸರಿ 54 ಸೆಕೆಂಡು. ಅದರಲ್ಲಿ 30 ಪ್ರಶ್ನೆ ಗಣಿತದವು. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು, ಕ್ಯಾಲ್ಕುಲೇಟರ್ ಮಾತ್ರ ಇಲ್ಲ. ಪಠ್ಯಕ್ರಮದಲ್ಲಿ ಭಿನ್ನರಾಶಿ, ಶೇಕಡಾ ಎಂದು ಒಂದೊಂದು ಪದದಲ್ಲಿ ಮುಗಿಸಿದ್ದರೂ ಲಾಭ–ನಷ್ಟ, ಬಡ್ಡಿ, ಅನುಪಾತ, ಕಾಲ–ಕೆಲಸ ಎಲ್ಲದರ ಬೇರೂ ಇವೆರಡರಲ್ಲೇ ಇದೆ. ಎಸ್‌ಎಸ್‌ಸಿ (ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ), ಬ್ಯಾಂಕ್ ಪರೀಕ್ಷೆಗಳಲ್ಲೂ ಹಾಗೆಯೇ.

‘640ರ ಶೇ 25 ಎಷ್ಟು’ ಎಂದರೆ ಥಟ್ಟನೆ ಹೇಳುವವರು, ಅದೇ ಲೆಕ್ಕ ನಾಲ್ಕು ಸಾಲಿನ ಮಾತಾಗಿ ಬಂದಾಗ ತಡವರಿಸುತ್ತಾರೆ. ಗುಣಾಕಾರ ಭಾಗಾಕಾರದಲ್ಲಿ ಎಡವುವುದು ಕಡಿಮೆ. ಯಾವುದನ್ನು ನೂರು ಎಂದು ಹಿಡಿಯಬೇಕು ಎಂಬಲ್ಲೇ ದಾರಿ ತಪ್ಪುತ್ತದೆ. ಈ ‘ನೂರು ಎಂದು ಹಿಡಿದದ್ದ’ನ್ನು ಇಲ್ಲಿ ಆಧಾರ ಎಂದು ಕರೆಯೋಣ.

ಛೇದ ನೂರಾದ ಭಿನ್ನರಾಶಿ

ಒಂದು ರೊಟ್ಟಿಯನ್ನು ನಾಲ್ಕು ಸಮಪಾಲು ಮಾಡಿ ಮೂರನ್ನು ತೆಗೆದುಕೊಂಡರೆ ಅದು 3/4. ಕೆಳಗಿನ 4 ಛೇದ, ಎಷ್ಟು ಪಾಲು ಮಾಡಿದ್ದೇವೆ ಎಂಬುದನ್ನು ಹೇಳುತ್ತದೆ. ಮೇಲಿನ 3 ಅಂಶ, ಎಷ್ಟು ಪಾಲು ತೆಗೆದುಕೊಂಡೆವು ಎಂಬುದು. ಅದೇ ರೊಟ್ಟಿಯನ್ನು ನೂರು ಪಾಲು ಮಾಡಿದರೆ ನಮಗೆ 75 ಪಾಲು ಬರುತ್ತಿತ್ತು. ಅದೇ ಶೇ 75. ರೊಟ್ಟಿಯೂ ಅದೇ, ತಿಂದದ್ದೂ ಅಷ್ಟೇ, ಹೇಳುವ ಬಗೆ ಬೇರೆ.

ಶೇಕಡಾವನ್ನು ಭಿನ್ನರಾಶಿ ಮಾಡಲು 100ರಿಂದ ಭಾಗಿಸಿ ಸಂಕ್ಷೇಪಿಸಬೇಕು: ಶೇ 45 ಎಂದರೆ 45/100, ಅಂದರೆ 9/20. ಭಿನ್ನರಾಶಿಯನ್ನು ಶೇಕಡಾ ಮಾಡಲು 100ರಿಂದ ಗುಣಿಸಬೇಕು: 3/8 × 100 = 37½. ಪರೀಕ್ಷೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಮೊದಲನೆಯದು. ಶೇಕಡಾ ಕಂಡ ಕೂಡಲೇ ಅದು ಯಾವ ಭಿನ್ನರಾಶಿ ಎಂದು ಹೊಳೆದರೆ ಅರ್ಧ ಕೆಲಸ ಮುಗಿದಂತೆ.

ಹದಿನಾರಾಣೆಯ ಲೆಕ್ಕ

‘ಹದಿನಾರಾಣೆ ಸತ್ಯ’ ಎಂದು ಇಂದಿಗೂ ಹೇಳುತ್ತೇವೆ. ನೂರಕ್ಕೆ ನೂರು ನಿಜ ಎಂದು ಅದರ ಅರ್ಥ. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯೇ ಪೈಸೆ ಬರುವವರೆಗೆ ರೂಪಾಯಿಗೆ 16 ಆಣೆ ಇತ್ತು. ಆ ಹಳೆಯ ಲೆಕ್ಕ ಶೇಕಡಾ ಕಲಿಯುವವರಿಗೆ ಈಗಲೂ ಉಪಕಾರಿ. ಒಂದಾಣೆ ಎಂದರೆ 1/16, ಅಂದರೆ ಶೇ 6¼. ಎರಡಾಣೆ ಶೇ 12½, ನಾಲ್ಕಾಣೆ 25, ಆರಾಣೆ 37½, ಎಂಟಾಣೆ 50, ಹತ್ತಾಣೆ 62½, ಹನ್ನೆರಡಾಣೆ 75, ಹದಿನಾಲ್ಕಾಣೆ 87½.

640ರ ಶೇ 37½ ಬೇಕೆಂದರೆ 640 × 37.5 ಎಂದು ಕೂರಬೇಕಿಲ್ಲ. ಆರಾಣೆ ಪಾಲು ಅದು. 640ರಲ್ಲಿ ಒಂದಾಣೆ 40, ಆರಾಣೆ 240. 720ರ ಶೇ 87½ ಎಂದರೆ ಎರಡಾಣೆ ಕಡಿಮೆ: 720ರ 1/8 ಭಾಗ 90, ಉಳಿದದ್ದು 630.

ಆಣೆಗೆ ಹೊಂದದ ಕೆಲವನ್ನು ಬಾಯಿಪಾಠ ಮಾಡಲೇಬೇಕು: 1/3 ಎಂದರೆ ಶೇ 33⅓, 1/5 ಶೇ 20, 1/6 ಶೇ 16⅔, 1/7 ಶೇ 14 2/7, 1/9 ಶೇ 11 1/9, 1/11 ಶೇ 9 1/11, 1/12 ಶೇ 8⅓, 1/15 ಶೇ 6⅔. ಪ್ರಶ್ನೆಯಲ್ಲಿ ‘ಶೇ 16⅔ರಷ್ಟು ಹೆಚ್ಚಿತು’ ಎಂಬ ವಿಚಿತ್ರ ಸಂಖ್ಯೆ ಕಂಡರೆ ಹೆದರಬೇಕಾಗಿಲ್ಲ. ಅಂಥ ಸಂಖ್ಯೆ ಬಂದಿರುವುದೇ ಭಿನ್ನರಾಶಿ ಬಳಸಲಿ ಎಂದು. 6 ಇದ್ದದ್ದು 7 ಆಯಿತು, ಅಷ್ಟೇ.

ಆಧಾರವನ್ನು ಪ್ರತ್ಯಯ ಹೇಳುತ್ತದೆ

ಕನ್ನಡದಲ್ಲಿ ಬರೆಯುವವರಿಗೆ ಒಂದು ಅನುಕೂಲವಿದೆ. ನಮ್ಮ ವಾಕ್ಯದಲ್ಲಿ ಆಧಾರ ಸಾಮಾನ್ಯವಾಗಿ ಶೇಕಡಾ ಸಂಖ್ಯೆಗೆ ಮೊದಲೇ ಬಂದಿರುತ್ತದೆ, ಅದರ ಬಾಲಕ್ಕೆ ಪ್ರತ್ಯಯವೂ ಅಂಟಿರುತ್ತದೆ. ‘ಕ್ಕಿಂತ’ ಅಥವಾ ‘ಗಿಂತ’ ಇದ್ದರೆ ಅದರ ಹಿಂದಿನ ಪದವೇ ಆಧಾರ. ಷಷ್ಠಿಯ ‘ದ, ಯ, ರ’ ಇದ್ದರೂ ಹಾಗೆಯೇ: ‘ಸಂಬಳದ ಶೇ 30’. ಸಪ್ತಮಿಯ ‘ಅಲ್ಲಿ’ ಇದ್ದರೂ ಹಾಗೆಯೇ: ‘ವಿದ್ಯಾರ್ಥಿಗಳಲ್ಲಿ ಶೇ 40’. ಪ್ರಶ್ನೆ ಓದುವಾಗ ಈ ಪದವನ್ನು ರಫ್ ಹಾಳೆಯಲ್ಲಿ ಬರೆದು, ಪಕ್ಕದಲ್ಲಿ 100 ಅಥವಾ ಭಿನ್ನರಾಶಿಯ ಛೇದ ಹಾಕಿಕೊಳ್ಳಬೇಕು.

ಗೀತಾಳ ಸಂಬಳಕ್ಕಿಂತ ರವಿಯ ಸಂಬಳ ಶೇ 25ರಷ್ಟು ಹೆಚ್ಚು. ಹಾಗಾದರೆ ರವಿಯ ಸಂಬಳಕ್ಕಿಂತ ಗೀತಾಳ ಸಂಬಳ ಶೇಕಡಾ ಎಷ್ಟು ಕಡಿಮೆ?

ಮೊದಲ ವಾಕ್ಯದಲ್ಲಿ ‘ಕ್ಕಿಂತ’ ಗೀತಾಳಿಗೆ ಅಂಟಿದೆ. ಶೇ 25 ಎಂದರೆ 1/4. ಆದ್ದರಿಂದ ಗೀತಾ 4, ರವಿ 5. ಎರಡನೆಯ ವಾಕ್ಯದಲ್ಲಿ ‘ಕ್ಕಿಂತ’ ರವಿಗೆ ಹೋಯಿತು, ಆಧಾರ 5 ಆಯಿತು. ವ್ಯತ್ಯಾಸ ಅದೇ 1. ಉತ್ತರ 1/5, ಅಂದರೆ ಶೇ 20. ಆಯ್ಕೆಗಳಲ್ಲಿ ‘25’ ಖಂಡಿತ ಇರುತ್ತದೆ. ಆಧಾರ ಬದಲಾದದ್ದನ್ನು ಗಮನಿಸದವರಿಗೆಂದೇ ಅದನ್ನು ಇಟ್ಟಿರುತ್ತಾರೆ.

ಇದೇ ಲೆಕ್ಕ ಇನ್ನೊಂದು ವೇಷದಲ್ಲೂ ಬರುತ್ತದೆ: ಅಡುಗೆ ಅನಿಲದ ಬೆಲೆ ಶೇ 25ರಷ್ಟು ಏರಿದರೆ, ಖರ್ಚು ಹೆಚ್ಚದಂತೆ ಬಳಕೆಯನ್ನು ಶೇಕಡಾ ಎಷ್ಟು ಇಳಿಸಬೇಕು? ಬೆಲೆ 4 ಇದ್ದದ್ದು 5 ಆದರೆ ಬಳಕೆ 5 ಇದ್ದದ್ದು 4 ಆಗಬೇಕು. ಶೇ 20.

‘ಕ್ಕೆ’ ಮತ್ತು ‘ರಷ್ಟು’ ನಡುವಿನ ಅಂತರವನ್ನೂ ಮರೆಯಬಾರದು. 500 ರೂಪಾಯಿಯ ಬೆಲೆ ‘ಮೊದಲಿನ ಶೇ 80ಕ್ಕೆ ಇಳಿಯಿತು’ ಎಂದರೆ ಈಗ 400. ‘ಶೇ 80ರಷ್ಟು ಇಳಿಯಿತು’ ಎಂದರೆ ಈಗ 100. ಅನುವಾದದಲ್ಲಿ ಇದು ಕೆಲವೊಮ್ಮೆ ಗೊಂದಲವಾಗುತ್ತದೆ. ಸಂಶಯ ಬಂದರೆ ಆ ಪ್ರಶ್ನೆಯ ಇಂಗ್ಲಿಷ್ ರೂಪವನ್ನು ನೋಡಿಕೊಳ್ಳಬೇಕು, ಎರಡರಲ್ಲಿ ವ್ಯತ್ಯಾಸವಿದ್ದರೆ ಇಂಗ್ಲಿಷ್‌ನದ್ದೇ ಅಂತಿಮ.

ಹೇಳದೆ ಬಿಟ್ಟ ಆಧಾರಗಳೂ ಇರುತ್ತವೆ. ‘ಏರಿತು, ಇಳಿಯಿತು’ ಎಂದರೆ ಆಧಾರ ಯಾವಾಗಲೂ ಹಳೆಯ ಬೆಲೆ. ಲಾಭ, ನಷ್ಟ ಎಂದರೆ ಕೊಂಡ ಬೆಲೆ. ರಿಯಾಯಿತಿ ಎಂದರೆ ನಮೂದಿತ ಬೆಲೆ. ಬಡ್ಡಿಗೆ ಅಸಲು. ಅಂಗಡಿಯವರು ಕೊಂಡ ಬೆಲೆಯ ಮೇಲೆ ಶೇ 40 ಏರಿಸಿ ಬೆಲೆ ನಮೂದಿಸಿ, ಶೇ 25 ರಿಯಾಯಿತಿ ಕೊಟ್ಟರೆ ಲಾಭ 40 − 25 = 15 ಎನ್ನುವುದು ಸುಲಭ. ಆದರೆ 40ರ ಆಧಾರ ಕೊಂಡ ಬೆಲೆ, 25ರ ಆಧಾರ ನಮೂದಿತ ಬೆಲೆ. 100 ಇದ್ದದ್ದು 140 ಆಯಿತು. 140ರ ಕಾಲು ಭಾಗ 35 ಹೋಯಿತು, ಉಳಿದದ್ದು 105. ಲಾಭ ಶೇ 5.

ಉಳಿದದ್ದರಲ್ಲಿ

ಭಿನ್ನರಾಶಿ ಲೆಕ್ಕಗಳಲ್ಲಿ ಅತಿ ಹೆಚ್ಚು ಅಂಕ ಕಳೆಯುವ ಪದ ಇದು. ಮೊದಲು ‘ಉಳಿದದ್ದು’ ಇಲ್ಲದ ಲೆಕ್ಕ ನೋಡೋಣ. ಒಂದು ಕಂಬದ 1/3 ಭಾಗ ಕೆಸರಿನಲ್ಲಿ, 1/4 ಭಾಗ ನೀರಿನಲ್ಲಿ ಇದೆ. ಮೇಲೆ ಕಾಣುವುದು 5 ಮೀಟರ್. ಕಂಬದ ಉದ್ದವೆಷ್ಟು? ಎರಡೂ ಭಾಗಗಳ ಆಧಾರ ಇಡೀ ಕಂಬವೇ ಆದ್ದರಿಂದ ಕೂಡಿಸಬಹುದು. ಲ.ಸಾ.ಅ. 12; 4/12 + 3/12 = 7/12. ಉಳಿದ 5/12 ಎಂದರೆ 5 ಮೀಟರ್. ಕಂಬ 12 ಮೀಟರ್.

ಈಗ ಇನ್ನೊಂದು. ರೈತರೊಬ್ಬರು ಬೆಳೆದ ರಾಗಿಯಲ್ಲಿ 1/4 ಭಾಗವನ್ನು ಮನೆಗೆ ಇಟ್ಟುಕೊಂಡರು. ಉಳಿದದ್ದರಲ್ಲಿ 2/3 ಭಾಗ ಮಾರಿದರು. ಆಮೇಲೆ ಉಳಿದದ್ದರಲ್ಲಿ ಶೇ 20 ಬೀಜಕ್ಕೆ ತೆಗೆದಿಟ್ಟರು. ಈಗ 8 ಕ್ವಿಂಟಾಲ್ ಇದೆ. ಬೆಳೆದದ್ದು ಎಷ್ಟು?

ಇಲ್ಲಿ ಪ್ರತಿ ಸಾಲಿಗೂ ಆಧಾರ ಬೇರೆ, ಆದ್ದರಿಂದ ಕೂಡಿಸುವಂತಿಲ್ಲ. ಕೂಡಿಸಿದರೆ ಏನಾಗುತ್ತದೆ ನೋಡಿ: 1/4 + 2/3 + 1/5 = 67/60. ಇಡೀ ಬೆಳೆಗಿಂತ ಹೆಚ್ಚು ಖರ್ಚಾದಂತೆ! ಉತ್ತರ ತಪ್ಪು ಎಂದು ಲೆಕ್ಕವೇ ಕೂಗಿ ಹೇಳುತ್ತಿದೆ. ಎಲ್ಲ ಪ್ರಶ್ನೆಗಳೂ ಇಷ್ಟು ದಯೆ ತೋರಿಸುವುದಿಲ್ಲ. ಇದರಲ್ಲೇ ಮೊದಲ ಎರಡನ್ನು ಮಾತ್ರ ಕೂಡಿಸಿ 11/12 ಮಾಡಿ, ಉಳಿದ 1/12ರಲ್ಲಿ ಶೇ 20 ತೆಗೆದರೆ 1/15 ಬರುತ್ತದೆ, ಉತ್ತರ 120 ಕ್ವಿಂಟಾಲ್ ಎಂದು ಅಂದವಾಗಿ ಕೂರುತ್ತದೆ. ಅದೂ ತಪ್ಪೇ.

ಸರಿಯಾದ ದಾರಿ: ಹೋದದ್ದನ್ನು ಬಿಟ್ಟು ಉಳಿದದ್ದನ್ನು ಮಾತ್ರ ಗುಣಿಸುತ್ತ ಹೋಗುವುದು. 1/4 ಹೋದರೆ 3/4 ಉಳಿಯಿತು. 2/3 ಹೋದರೆ 1/3. ಶೇ 20 ಹೋದರೆ 4/5. ಮೂರನ್ನೂ ಗುಣಿಸಿದರೆ 12/60, ಅಂದರೆ 1/5. ಐದನೆಯ ಒಂದು ಭಾಗ 8 ಕ್ವಿಂಟಾಲ್ ಆದರೆ ಒಟ್ಟು 40. ತಾಳೆ ನೋಡಿ: 40ರಲ್ಲಿ 10 ಮನೆಗೆ, 30ರಲ್ಲಿ 20 ಮಾರಾಟಕ್ಕೆ, 10ರಲ್ಲಿ 2 ಬೀಜಕ್ಕೆ, ಉಳಿದದ್ದು 8.

ಈ ಎರಡು ಬಗೆಯನ್ನು ಬೇರೆ ಬೇರೆ ಹೆಸರಿಟ್ಟು ಕಲಿಸುವುದು ನಮ್ಮ ನಾಡಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಕಂಬದಂಥ ಲೆಕ್ಕವನ್ನು ‘ಭಾಗ’ ಜಾತಿಯೆಂದೂ ರಾಗಿಯಂಥದ್ದನ್ನು ‘ಶೇಷ’ ಜಾತಿಯೆಂದೂ ವಿಂಗಡಿಸಿದ್ದಾರೆ. ಪ್ರಶ್ನೆ ಓದಿ ಮುಗಿಸಿದೊಡನೆ ‘ಇದು ಭಾಗವೋ ಶೇಷವೋ’ ಎಂದು ಕೇಳಿಕೊಳ್ಳುವ ಅಭ್ಯಾಸ ಮಾಡಿಕೊಂಡರೆ ಕೂಡಿಸಬೇಕೋ ಗುಣಿಸಬೇಕೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ.

ಒಂದರ ಮೇಲೊಂದು ಶೇಕಡಾ

ಏರಿ ಇಳಿಯುವ ಲೆಕ್ಕಗಳೂ ಶೇಷ ಜಾತಿಯವೇ. ಶೇ 20 ಏರಿ ಆಮೇಲೆ ಶೇ 20 ಇಳಿದರೆ ಮೊದಲಿದ್ದಲ್ಲಿಗೆ ಬರುವುದಿಲ್ಲ: 100, 120, 96. ಇಳಿದ 20ರ ಆಧಾರ 120 ಆಗಿತ್ತು. ಶೇ 20 ರಿಯಾಯಿತಿಯ ಮೇಲೆ ಮತ್ತೆ ಶೇ 10 ರಿಯಾಯಿತಿ ಎಂದರೆ ಒಟ್ಟು 28, 30 ಅಲ್ಲ. ಉಳಿದದ್ದು 4/5 × 9/10 = 36/50, ಅಂದರೆ ಶೇ 72. ಗುಣಾಕಾರದಲ್ಲಿ ಹಿಂದುಮುಂದಾದರೂ ಬೆಲೆ ಅದೇ ಆದ್ದರಿಂದ ಮೊದಲು 10, ಆಮೇಲೆ 20 ಕೊಟ್ಟರೂ ಗ್ರಾಹಕ ತೆರುವುದು ಅಷ್ಟೇ.

ಚುನಾವಣೆಯ ಲೆಕ್ಕ ಇದರ ದೊಡ್ಡಣ್ಣ. ಇಬ್ಬರೇ ಸ್ಪರ್ಧಿಸಿದ್ದ ಚುನಾವಣೆಯಲ್ಲಿ ಮತದಾರರಲ್ಲಿ ಶೇ 75 ಮಂದಿ ಮತ ಹಾಕಿದರು. ಚಲಾಯಿತ ಮತಗಳಲ್ಲಿ ಶೇ 4 ತಿರಸ್ಕೃತವಾದವು. ಸಿಂಧುವಾದ ಮತಗಳಲ್ಲಿ ಶೇ 55 ಪಡೆದವರು 1,440 ಮತಗಳ ಅಂತರದಿಂದ ಗೆದ್ದರು. ಒಟ್ಟು ಮತದಾರರೆಷ್ಟು? ಇಲ್ಲಿ ಮೂರು ಆಧಾರಗಳಿವೆ: ಮತದಾರರು, ಚಲಾಯಿತ ಮತ, ಸಿಂಧು ಮತ. ‘ಅಲ್ಲಿ’ ಪ್ರತ್ಯಯ ಮೂರನ್ನೂ ತೋರಿಸಿಕೊಟ್ಟಿದೆ. ಮತದಾರರನ್ನು 100 ಎಂದರೆ ಚಲಾಯಿತ 75, ಅದರಲ್ಲಿ ಶೇ 4 ಅಂದರೆ 3 ಹೋಗಿ ಸಿಂಧು 72. ಗೆದ್ದವರಿಗೆ ಸಿಂಧು ಮತದ ಶೇ 55, ಸೋತವರಿಗೆ ಶೇ 45. ಅಂತರ ಸಿಂಧು ಮತದ ಶೇ 10, ಅಂದರೆ 7.2. ನೂರಕ್ಕೆ 7.2 ಅಂತರವಾದರೆ 1,440 ಅಂತರಕ್ಕೆ 1,440 ÷ 7.2 × 100 = 20,000 ಮತದಾರರು. ಅಂತರಕ್ಕೆ ಸೋತವರ ಶೇ 45 ಕಳೆಯುವುದನ್ನು ಮರೆತು 55ನ್ನೇ 1,440ಕ್ಕೆ ಹೊಂದಿಸುವುದು ಇಲ್ಲಿನ ಮಾಮೂಲಿ ತಪ್ಪು.

ಬದಲಾಗದೆ ಉಳಿದದ್ದು ಯಾವುದು?

ಕೆಲವು ಪ್ರಶ್ನೆಗಳಲ್ಲಿ ಎಲ್ಲವೂ ಬದಲಾದಂತೆ ಕಾಣುತ್ತದೆ, ಆದರೆ ಒಂದು ಮಾತ್ರ ಅಲುಗುವುದಿಲ್ಲ. ಅದನ್ನು ಹಿಡಿದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ.

ವಿಜಯಪುರದ ಕಡೆಯ ಒಣದ್ರಾಕ್ಷಿಯನ್ನೇ ತೆಗೆದುಕೊಳ್ಳಿ. ಹಸಿ ದ್ರಾಕ್ಷಿಯಲ್ಲಿ ಶೇ 80, ಒಣದ್ರಾಕ್ಷಿಯಲ್ಲಿ ಶೇ 20 ನೀರಿದೆ ಎಂದು ಪ್ರಶ್ನೆ ಹೇಳುತ್ತದೆ. 100 ಕಿಲೊ ಹಸಿ ದ್ರಾಕ್ಷಿಯಿಂದ ಎಷ್ಟು ಒಣದ್ರಾಕ್ಷಿ ಸಿಗುತ್ತದೆ? ಶೇ 80 ಇದ್ದ ನೀರು ಶೇ 20ಕ್ಕೆ ಇಳಿದಿದೆ, 60 ಕಿಲೊ ಹೋಗಿ 40 ಕಿಲೊ ಉಳಿಯಿತು ಎಂದರೆ ತಪ್ಪು. ಒಣಗಿದಾಗ ನೀರೂ ಕಡಿಮೆಯಾಗುತ್ತದೆ, ಒಟ್ಟು ತೂಕವೂ ಕಡಿಮೆಯಾಗುತ್ತದೆ. ಬದಲಾಗದ್ದು ತಿರುಳು. ಹಸಿಯಲ್ಲಿ ಅದು 20 ಕಿಲೊ. ಒಣಗಿದ ಮೇಲೂ ಅದೇ 20 ಕಿಲೊ, ಆದರೆ ಈಗ ಅದು ಒಟ್ಟು ತೂಕದ ಶೇ 80. ಅಂದರೆ 4/5 ಭಾಗ 20 ಕಿಲೊ, ಒಟ್ಟು 25 ಕಿಲೊ.

ಸಕ್ಕರೆ ಬೆಲೆ ಶೇ 20 ಇಳಿದದ್ದರಿಂದ 480 ರೂಪಾಯಿಗೆ 3 ಕಿಲೊ ಹೆಚ್ಚು ಸಿಗುತ್ತದೆ, ಹೊಸ ಬೆಲೆ ಎಷ್ಟು? ಇಲ್ಲಿ ಬದಲಾಗದ್ದು 480 ರೂಪಾಯಿ. ಮೊದಲು ಕೊಳ್ಳುತ್ತಿದ್ದಷ್ಟೇ ಸಕ್ಕರೆ ಕೊಂಡರೆ ಶೇ 20, ಅಂದರೆ 96 ರೂಪಾಯಿ ಉಳಿಯುತ್ತದೆ. ಆ 96ಕ್ಕೇ 3 ಕಿಲೊ ಬಂದದ್ದು. ಹೊಸ ಬೆಲೆ 32, ಹಳೆಯದು 40. ಸಮೀಕರಣ ಹೂಡಿದರೆ ಎರಡು ನಿಮಿಷ, ಹೀಗಾದರೆ ಹದಿನೈದು ಸೆಕೆಂಡು.

ಪಾಸು–ಫೇಲಿನ ಲೆಕ್ಕದಲ್ಲಿ ಅಲುಗದೆ ನಿಲ್ಲುವುದು ಪಾಸು ಗೆರೆ. ಶೇ 30 ಅಂಕ ಪಡೆದವರು 25 ಅಂಕದಿಂದ ಫೇಲು. ಶೇ 40 ಪಡೆದವರಿಗೆ ಬೇಕಾದ್ದಕ್ಕಿಂತ 15 ಹೆಚ್ಚು. ಒಬ್ಬರು ಗೆರೆಗಿಂತ 25 ಕೆಳಗೆ, ಇನ್ನೊಬ್ಬರು 15 ಮೇಲೆ, ನಡುವೆ 40 ಅಂಕ. ಅದೇ ಶೇ 10. ಒಟ್ಟು 400, ಪಾಸಾಗಲು 120 + 25 = 145. 25ರಲ್ಲಿ 15 ಕಳೆದು 10 ಎಂದು ಹಿಡಿಯುವವರು ಬಹಳ ಮಂದಿ. ಒಂದು ಗೆರೆ ಎಳೆದು ಎರಡು ಚುಕ್ಕಿ ಇಟ್ಟರೆ ಆ ತಪ್ಪು ಆಗುವುದಿಲ್ಲ.

ಎರಡು ಸಣ್ಣ ಎಚ್ಚರಿಕೆ

ಶೇಕಡಾಗಳ ಸರಾಸರಿಯನ್ನು ನೇರವಾಗಿ ತೆಗೆಯಬಾರದು. 40 ಮಕ್ಕಳ ತರಗತಿಯಲ್ಲಿ ಶೇ 80, 60 ಮಕ್ಕಳ ತರಗತಿಯಲ್ಲಿ ಶೇ 90 ಪಾಸಾದರೆ ಒಟ್ಟು ಫಲಿತಾಂಶ 85 ಅಲ್ಲ. 32 + 54 = 86, ನೂರು ಮಕ್ಕಳಿಗೆ ಶೇ 86. ಇನ್ನು ಮತದಾನ ಶೇ 60ರಿಂದ ಶೇ 66ಕ್ಕೆ ಏರಿದರೆ ಏರಿಕೆ 6 ಶೇಕಡಾ ಅಂಶ (ಎರಡು ಶೇಕಡಾಗಳ ನೇರ ವ್ಯತ್ಯಾಸ); ಶೇಕಡಾವಾರು ಏರಿಕೆ ಕೇಳಿದರೆ 6/60, ಅಂದರೆ ಶೇ 10.

ಆಯ್ಕೆಗಳಿಂದ ಹಿಂದಕ್ಕೆ

ಮನುಷ್ಯರು, ಪುಸ್ತಕ, ಮೊಟ್ಟೆಯಂಥವು ಅರ್ಧ ಕಾಲು ಆಗುವುದಿಲ್ಲ. ಒಂದು ಶಾಲೆಯಲ್ಲಿ 5/9 ಭಾಗ ಹುಡುಗಿಯರು. ಹುಡುಗರಲ್ಲಿ 1/7 ಭಾಗ, ಅಂದರೆ 8 ಮಂದಿ, ಕನ್ನಡಕ ಹಾಕುತ್ತಾರೆ. ಒಟ್ಟು ಮಕ್ಕಳು 120, 126, 130, 135ರಲ್ಲಿ ಯಾವುದು? ಒಟ್ಟು 9ರಿಂದ ಭಾಗವಾಗಲೇಬೇಕು, ಆದ್ದರಿಂದ 120, 130 ಹೋದವು. 126ರಲ್ಲಿ ಹುಡುಗರು 56, 135ರಲ್ಲಿ 60. 7ರಿಂದ ಭಾಗವಾಗುವುದು 56 ಮಾತ್ರ. ಉತ್ತರ 126, 8 ಎಂಬ ಸಂಖ್ಯೆಯನ್ನು ಮುಟ್ಟಲೇ ಇಲ್ಲ. ತಾಳೆ ನೋಡಲು ಅದನ್ನು ಬಳಸಿದರಾಯಿತು. ಉದ್ದ, ತೂಕ, ಹಣದ ಲೆಕ್ಕದಲ್ಲಿ ಈ ಉಪಾಯ ನಡೆಯುವುದಿಲ್ಲ, ಅವು ಭಿನ್ನರಾಶಿಯಲ್ಲೂ ಇರಬಹುದು.

ಗುರುತು ಹಾಕುವ ಮುನ್ನ ಪ್ರಶ್ನೆಯ ಕೊನೆಯ ಸಾಲನ್ನು ಇನ್ನೊಮ್ಮೆ ಓದಬೇಕು. ಹೊಸ ಬೆಲೆ ಕೇಳಿದ್ದಾರೋ ಹಳೆಯದೋ, ಉಳಿದದ್ದೋ ಹೋದದ್ದೋ? ಸಕ್ಕರೆಯ ಲೆಕ್ಕದಲ್ಲಿ 32 ಮತ್ತು 40 ಎರಡೂ ಆಯ್ಕೆಯಲ್ಲಿರುತ್ತವೆ.

ಗೊತ್ತಿಲ್ಲದ್ದಕ್ಕೆ ಊಹಿಸಿ ಗುರುತು ಹಾಕಬಹುದೇ?

ಇದೂ ಭಿನ್ನರಾಶಿಯ ಲೆಕ್ಕವೇ. ಎನ್‌ಟಿಪಿಸಿಯಲ್ಲಿ ಸರಿಯುತ್ತರಕ್ಕೆ 1 ಅಂಕ, ತಪ್ಪಿಗೆ 1/3 ಅಂಕ ಕಡಿತ. ನಾಲ್ಕು ಆಯ್ಕೆಯಲ್ಲಿ ಕಣ್ಣು ಮುಚ್ಚಿ 12 ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು: 3 ಅಂಕ ಬಂದು 3 ಅಂಕ ಹೋಯಿತು, ಉಳಿದದ್ದು ಸೊನ್ನೆ. ಪ್ರತಿ ಪ್ರಶ್ನೆಯಲ್ಲೂ ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಬಲ್ಲಿರಾದರೆ 4 ಸರಿ, 8 ತಪ್ಪು: 4 − 2⅔ = 1⅓ ಅಂಕ ಲಾಭ. ಎರಡನ್ನು ತಳ್ಳಿಹಾಕಿದರೆ 6 ಸರಿ, 6 ತಪ್ಪು: 6 − 2 = 4 ಅಂಕ. ಮೇಲಿನ ಶಾಲೆಯ ಲೆಕ್ಕದಲ್ಲಿ 9ರ ಮಗ್ಗಿ ಬಂದರೆ ಸಾಕು, ಎರಡು ಆಯ್ಕೆ ಐದೇ ಸೆಕೆಂಡಿನಲ್ಲಿ ಹೋಗುತ್ತವೆ.

ಎಸ್‌ಎಸ್‌ಸಿಯ ಪದವೀಧರ ಮಟ್ಟದ ಪರೀಕ್ಷೆಯಾದ ಸಿಜಿಎಲ್ ಮೊದಲ ಹಂತದಲ್ಲಿ ಪ್ರಶ್ನೆಗೆ 2 ಅಂಕ, ತಪ್ಪಿಗೆ ½ ಅಂಕ ಕಡಿತ. ಅಂದರೆ ಕಡಿತ ಪ್ರಶ್ನೆಯ ಅಂಕದ 1/4 ಮಾತ್ರ. ಅಲ್ಲಿ ಕಣ್ಣು ಮುಚ್ಚಿದ 12 ಗುರುತಿಗೂ ಸರಾಸರಿ 6 − 4½ = 1½ ಅಂಕ ಉಳಿಯುತ್ತದೆ. ಇವು ಸರಾಸರಿಯ ಮಾತು, ಒಂದು ದಿನದ ಒಂದು ಪರೀಕ್ಷೆಯಲ್ಲಿ ಹನ್ನೆರಡೂ ತಪ್ಪಾಗಿ ಎನ್‌ಟಿಪಿಸಿಯಲ್ಲಿ 4 ಅಂಕ, ಸಿಜಿಎಲ್‌ನಲ್ಲಿ 6 ಅಂಕ ಹೋಗಲೂಬಹುದು.